ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪೇ ಇರಲಿ

ಪ್ರಶ್ನೆ: ಹಾಸನದಲ್ಲಿ ನಮ್ಮದು ಆರು ಜನರ ಐಟಿ ಸಪೋರ್ಟ್ ತಂಡ. ಸಕಲೇಶಪುರ, ಬೇಲೂರು, ಅರಕಲಗೂಡು ಕಡೆಯ ಸೊಸೈಟಿ, ನರ್ಸಿಂಗ್ ಹೋಮ್, ಕಾಫಿ ಕ್ಯೂರಿಂಗ್ ಘಟಕಗಳ ಕಂಪ್ಯೂಟರು, ನೆಟ್‌ವರ್ಕು ನೋಡಿಕೊಳ್ಳುತ್ತೇವೆ. ಅಂಗಡಿಯವರು ತೆಳ್ಳಗಿನ ಐ7 ಲ್ಯಾಪ್‌ಟಾಪ್ ತೋರಿಸುತ್ತಿದ್ದಾರೆ. ಅದೇ ದುಡ್ಡಿಗೆ ದಪ್ಪನೆಯ ಬಿಸಿನೆಸ್ ಮಾದರಿಯ ಐ5 ಸಿಗುತ್ತದೆ. ಯಾವುದು ವಾಸಿ?

ಉತ್ತರ: ಐ5. ನಿಮ್ಮ ಕೆಲಸದಲ್ಲಿ ಪ್ರೊಸೆಸರ್ ಏದುಸಿರು ಬಿಡುವುದು ಅಪರೂಪ, ಸಾಲದೆ ಬರುವುದು ರ‍್ಯಾಮ್. ರಿಮೋಟ್ ಸಾಫ್ಟ್‌ವೇರು, ಇಪ್ಪತ್ತು ಬ್ರೌಸರ್ ಟ್ಯಾಬು, ಪರೀಕ್ಷೆಗೊಂದು ವರ್ಚುವಲ್ ಮಷೀನು (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರು) ಒಟ್ಟಿಗೆ ತೆರೆದರೆ 8 ಜಿಬಿ ಅಲ್ಲಿಗೇ ಮುಗಿಯಿತು. 16 ಬೇಕು, ಅದೂ ಸ್ಲಾಟಿನಲ್ಲಿ ಕೂರುವಂಥದ್ದು. ತೆಳು ಮಾದರಿಗಳಲ್ಲಿ ಬಹುತೇಕ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮುಂದೆ ಹೆಚ್ಚಿಸಲಾಗದು, ಕೆಟ್ಟರೆ ಬೋರ್ಡೇ ಹೋಯಿತು.

ಅದಕ್ಕಿಂತ ಮುಖ್ಯವಾದದ್ದು ನೆಟ್‌ವರ್ಕ್ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟ್. ಹಲವು ಕಂಪ್ಯೂಟರುಗಳನ್ನು ಕೇಬಲ್‌ನಿಂದ ಬೆಸೆಯುವ ನೆಟ್‌ವರ್ಕ್ ಸ್ವಿಚ್ಚು ಹೊಸದಾಗಿ ಡಬ್ಬಿಯಿಂದ ಹೊರಬಂದಾಗ ಅದರಲ್ಲಿ ವೈಫೈ ಇರುವುದಿಲ್ಲ. ಲ್ಯಾಪ್‌ಟಾಪಿಗೆ ಸ್ಥಿರ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಕೊಟ್ಟು ಕೇಬಲ್ ಚುಚ್ಚಿಯೇ ಹೆಚ್ಚಾಗಿ ಒಳಹೋಗಬೇಕು. ಯುಎಸ್‌ಬಿ ಲ್ಯಾನ್ ಡಾಂಗಲ್ ಇದೆಯಲ್ಲ ಎನ್ನಬಹುದು. ಅದು ಬೇಕಾದ ದಿನವೇ ಇನ್ನೊಬ್ಬರ ಬ್ಯಾಗಿನಲ್ಲಿರುತ್ತದೆ. ನೆಟ್‌ವರ್ಕಿನಿಂದ ಯಂತ್ರವನ್ನು ಬೂಟ್ ಮಾಡುವಾಗ (ಚಾಲೂ ಮಾಡುವಾಗ) ಎಲ್ಲ ಡಾಂಗಲ್‌ಗಳೂ ಕೈಹಿಡಿಯುವುದಿಲ್ಲ. ಡೆಲ್ ಲ್ಯಾಟಿಟ್ಯೂಡ್ 5000 ಸರಣಿ, ಎಚ್‌ಪಿ ಪ್ರೊಬುಕ್, ಥಿಂಕ್‌ಪ್ಯಾಡ್ ಇ ಮತ್ತು ಎಲ್ ಸರಣಿಗಳ ಹಲವು ಮಾದರಿಗಳಲ್ಲಿ ಈ ಪೋರ್ಟ್ ಇದೆ. ಆದರೂ ನೀವು ಕೊಳ್ಳುವ ನಿರ್ದಿಷ್ಟ ಮಾದರಿಯ ಬದಿ ನೋಡಿಯೇ ಹಣ ಕೊಡಿ. ಬಾಯಿ ತೆರೆದು ಮುಚ್ಚುವ ತೆಳು ಪೋರ್ಟಾದರೆ ಕೇಬಲನ್ನು ಅಡ್ಡಕ್ಕೆ ಎಳೆಯಬೇಡಿ, ಕೆಳದವಡೆ ಮುರಿಯುತ್ತದೆ.

ಸ್ವಿಚ್ಚಿನ ಸೆಟ್ಟಿಂಗಿಗೆ ನೇರವಾಗಿ ಹೋಗಲು ಬಳಸುವ ಯುಎಸ್‌ಬಿ ಕನ್ಸೋಲ್ ಕೇಬಲ್ ತರುವಾಗ ಎಫ್‌ಟಿಡಿಐ ಕಂಪನಿಯ ಚಿಪ್ ಇರುವುದನ್ನೇ ಕೇಳಿ. ಅಗ್ಗದ ಕೇಬಲ್‌ಗಳಲ್ಲಿ ಪ್ರೊಲಿಫಿಕ್‌ನ ಹಳೆಯ ಚಿಪ್ಪೋ ಅದರ ನಕಲೋ ಇದ್ದರೆ, ವಿಂಡೋಸ್ ಡ್ರೈವರ್ ತಾನಾಗಿ ಅಪ್‌ಡೇಟ್ ಆದ ಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಬಂದು ಕೇಬಲ್ ಸತ್ತಂತಾಗುತ್ತದೆ. ಕೇಬಲ್ ಕೆಟ್ಟಿರುವುದಿಲ್ಲ, ಡ್ರೈವರ್ ಅದನ್ನು ಒಪ್ಪುತ್ತಿಲ್ಲ ಅಷ್ಟೇ.

ವಿಂಡೋಸ್ ಪ್ರೊ ಆವೃತ್ತಿಯೇ ಇರಲಿ. ಹೋಮ್‌ನಲ್ಲಿ ಡೊಮೇನ್‌ಗೆ (ಸರ್ವರ್ ನಿಯಂತ್ರಿಸುವ ಆಫೀಸ್ ನೆಟ್‌ವರ್ಕಿಗೆ) ಸೇರಿಸಲಾಗದು, ವರ್ಚುವಲ್ ಮಷೀನು ಓಡಿಸುವ ಹೈಪರ್-ವಿ ಇಲ್ಲ. ಗ್ರಾಹಕರ ಪಾಸ್‌ವರ್ಡ್‌ಗಳಿರುವ ಯಂತ್ರ ಬಸ್ಸಿನಲ್ಲಿ ಕಳೆದುಹೋದರೆ ಏನು ಗತಿ? ಅದಕ್ಕೆ ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿ. ಹಾಕಿದ ದಿನವೇ 48 ಅಂಕಿಗಳ ರಿಕವರಿ ಕೀಯನ್ನು ಯಂತ್ರದ ಸೀರಿಯಲ್ ನಂಬರಿನ ಜೊತೆ ಆಫೀಸಿನಲ್ಲಿ ಬರೆದಿಡಿ. ಬೋರ್ಡ್ ಬದಲಾದರೆ ಅದರೊಳಗಿನ, ಬಿಟ್‌ಲಾಕರ್ ಬೀಗದ ಕೀ ಕಾಯುವ ಟಿಪಿಎಂ ಚಿಪ್ಪೂ ಬದಲಾಗುತ್ತದೆ. ಆಗ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡೇಟಾ ಮರೆತುಬಿಡಿ.

ಮನೆ ಬಳಕೆಯ ಮಾದರಿಗಳಿಗೆ ಎಷ್ಟೋ ಸಲ ಸರ್ವಿಸ್ ಸೆಂಟರಿಗೆ ಒಯ್ಯುವ ವಾರಂಟಿ ಮಾತ್ರ ಇರುತ್ತದೆ. ಸ್ಥಳಕ್ಕೇ ಬಂದು ಸರಿಮಾಡುವ ವಾರಂಟಿ ಕೊಳ್ಳಿ. ನಿಮ್ಮ ಪಿನ್‌ಕೋಡಿಗೆ ಅದು ಅನ್ವಯಿಸುತ್ತದೆಂದು ಬರಹದಲ್ಲಿ ಪಡೆಯಿರಿ. ಆರು ಜನಕ್ಕೆ ಏಳು ಯಂತ್ರ, ಎಲ್ಲವೂ ಒಂದೇ ಮಾದರಿ, ಯುಎಸ್‌ಬಿ-ಸಿ ಚಾರ್ಜರ್. ಒಂದು ಕೆಟ್ಟ ದಿನ ಏಳನೆಯದು ಕೈಗೆ ಬರುತ್ತದೆ, ಚಾರ್ಜರನ್ನೂ ಯಾರಿಂದ ಬೇಕಾದರೂ ಎರವಲು ಪಡೆಯಬಹುದು.

ಅಂದಹಾಗೆ, ಹಳೆಯ ಕಟ್ಟಡಗಳಲ್ಲಿ ಮೂರು ಪಿನ್ನಿನ ಅಡಾಪ್ಟರಿಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿದರೆ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುತ್ತದೆ. ಅರ್ಥಿಂಗ್ ಸಿಗದ್ದೇ ಕಾರಣ. ಅಂಥ ಕಡೆ ಕನ್ಸೋಲ್ ಕೇಬಲ್ ಚುಚ್ಚುವ ಮುನ್ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಕೆಲಸ ಮಾಡಿ.

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಸಣ್ಣ ಸರ್ವಿಸ್ ಅಂಗಡಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತರಬಹುದೇ?

ಉತ್ತರ: ತನ್ನಿ. ಆದರೆ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳಲ್ಲಿ ಬಹುಪಾಲು ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲಿಲ್ಲ. ಅಂಗಡಿಯಲ್ಲೇ ಬಯೋಸ್ (ವಿಂಡೋಸ್ ಏಳುವ ಮುಂಚಿನ ಸೆಟಪ್ ಪರದೆ) ತೆರೆಸಿ ನೋಡಿ. ಪಾಸ್‌ವರ್ಡ್ ಕೇಳಿದರೆ ವಾಪಸ್ ಇಡಿ. ಆಮೇಲೆ ಕಮ್ಯಾಂಡ್ ಪ್ರಾಂಪ್ಟಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ. 'ಡಿಸೈನ್ ಕೆಪ್ಯಾಸಿಟಿ' 50,000 ಇದ್ದು 'ಫುಲ್ ಚಾರ್ಜ್ ಕೆಪ್ಯಾಸಿಟಿ' 27,000 ಎಂದಿದ್ದರೆ ಬ್ಯಾಟರಿ ಹೆಚ್ಚುಕಡಿಮೆ ಅರ್ಧ ಸವೆದಿದೆ. ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆದೇ ಚೌಕಾಸಿ ಶುರುಮಾಡಿ.