ಊರಿನ ಸ್ವಯಂಸೇವಕರಿಗೆ ಒಂದೇ ದಿನದ ಪ್ರಥಮ ಚಿಕಿತ್ಸೆ ತರಬೇತಿ ಸಾಕಾ?

ಹಾವೇರಿ ತಾಲ್ಲೂಕಿನಲ್ಲಿ ವರದಾ ನದಿ ದಂಡೆಯ ಊರು, 20 ಹುಡುಗರಿದ್ದಾರೆ, ಒಂದು ದಿನದಲ್ಲಿ ಏನೇನು ಕಲಿಸಬಹುದು ಅಂತ ಕೇಳಿದ್ದೀರಿ. ಮೂರೇ ವಿಷಯ ಕಲಿಸಿ: ಹೃದಯ ನಿಂತವರ ಎದೆ ಒತ್ತುವುದು (ಸಿಪಿಆರ್), ನೀರಿಗೆ ಬಿದ್ದವರನ್ನು ಎಳೆಯುವುದು, ಹಾವು ಕಡಿದವರನ್ನು ಸಾಗಿಸುವುದು. ಸುಟ್ಟ ಗಾಯ, ಫಿಟ್ಸು, ಮೂಳೆ ಮುರಿತ ಎಲ್ಲ ತುರುಕಿದರೆ ಸಂಜೆಗೆ ಸರ್ಟಿಫಿಕೇಟು ಸಿಗುತ್ತದೆ, ಕೈಗೆ ಏನೂ ಹತ್ತಿರುವುದಿಲ್ಲ.

ಬರೀ ಹುಡುಗರ ತಂಡವೂ ಬೇಡ. ಬೆಳಗಿನ ಬಸ್ಸಿಗೆ ಅವರಲ್ಲಿ ಎಷ್ಟೋ ಜನ ಹಾವೇರಿ, ಹುಬ್ಬಳ್ಳಿ ಸೇರಿರುತ್ತಾರೆ. ಆಶಾ ಕಾರ್ಯಕರ್ತೆ, ಹಾಲಿನ ಡೇರಿಯವರು, ಕಿರಾಣಿ ಅಂಗಡಿಯವರು, ಟಂಟಂ ಓಡಿಸುವವರು, ಹೀಗೆ ಹಗಲು ಊರಲ್ಲೇ ಇರುವವರು ಅರ್ಧದಷ್ಟಾದರೂ ಇರಲಿ.

ಹೆಚ್ಚು ಹೊತ್ತು ಎದೆ ಒತ್ತುವುದಕ್ಕೇ ಕೊಡಿ. ಎದೆ ಒತ್ತಿ ಕಲಿಯುವ ಒಂದು ಬೊಂಬೆಗೆ ಐದಾರು ಜನಕ್ಕಿಂತ ಹೆಚ್ಚು ಬೇಡ. ಎದೆಯ ನಟ್ಟನಡುವೆ ಅಂಗೈ ಬುಡ ಊರಿ, 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಹೊಸಬರು ರೊಟ್ಟಿ ಹಿಟ್ಟು ನಾದಿದ ಹಾಗೆ ಮೊಣಕೈ ಮಡಚುತ್ತಾರೆ. ಆಗ ಆಳ ಸಿಗುವುದಿಲ್ಲ, ತೋಳೂ ಬೇಗ ಸೋಲುತ್ತದೆ. ಕೈ ನೆಟ್ಟಗಿಟ್ಟು, ಭುಜ ಕೈಯ ಮೇಲೆ ತಂದು, ಮೈಭಾರ ಹಾಕಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲವಾದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಹೊರಸಿನ ಮೇಲಿದ್ದವರನ್ನು ನೆಲಕ್ಕಿಳಿಸಿ. ಹೊರಸೇ ಜಗ್ಗಿದರೆ ಎದೆ ಒತ್ತಿದಂತಾಗುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ಇನ್ನೊಂದು ದೊಡ್ಡ ತಪ್ಪು: ಪ್ರಜ್ಞೆ ಇಲ್ಲದವರು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಏದುಸಿರು ಎಳೆದರೆ 'ಉಸಿರಾಡ್ತಾ ಇದಾರೆ' ಅಂತ ಕೂತುಬಿಡುವುದು. ಅದು ಉಸಿರಾಟವಲ್ಲ, ಹೃದಯ ನಿಂತದ್ದರ ಗುರುತು. 108ಕ್ಕೆ ಒಬ್ಬರು ಫೋನ್ ಮಾಡುವಷ್ಟರಲ್ಲಿ ಇನ್ನೊಬ್ಬರು ಒತ್ತಲು ಶುರು ಮಾಡಿರಬೇಕು.

ಮುಳುಗಿದವರ ಲೆಕ್ಕ ಸ್ವಲ್ಪ ಬೇರೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಟ್ಟು, ಆಮೇಲೆ 30 ಒತ್ತು, 2 ಉಸಿರು. ಹೊಟ್ಟೆ ಅಮುಕಿ ನೀರು ತೆಗೆಯುವುದು, ತಲೆಕೆಳಗೆ ತಿರುಗಿಸುವುದು ಬೇಡವೇ ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಈಜು ಬಂದರೂ ನೀರಿಗೆ ಹಾರುವುದು ಕೊನೆಯ ದಾರಿ. ಖಾಲಿ 5 ಲೀಟರ್ ಎಣ್ಣೆ ಕ್ಯಾನಿಗೆ 20 ಮೀಟರ್ ನೈಲಾನ್ ಹಗ್ಗ ಕಟ್ಟಿ, ದೂರ ಹೋಗಲಿ ಅಂತ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿ. ಮುಳುಗುತ್ತಿರುವವರ ತಲೆ ದಾಟಿಸಿ ಎಸೆದರೆ ಹಗ್ಗ ಕೈಗೆ ಸಿಗುತ್ತದೆ. ದಂಡೆಯ ಮೇಲೆ ಬೋರಲು ಮಲಗಿ ಎಳೆಯಿರಿ, ಹಗ್ಗ ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಬೇಡಿ.

ಹಾವು ಕಡಿದರೆ ಉಂಗುರ, ಕಾಲುಂಗುರ, ಕಡಗ ಮೊದಲು ತೆಗೆಯಿರಿ, ಬಾವು ಬಂದಮೇಲೆ ಬರುವುದಿಲ್ಲ. ಕಾಲಿಗೆ ರಟ್ಟಿನ ಆಸರೆ ಕೊಟ್ಟು ಅಲುಗದಂತೆ ಮಾಡಿ, ಕಡಿದ ಹೊತ್ತು ಬರೆದುಕೊಳ್ಳಿ, ನಡೆಸಬೇಡಿ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಯಾರಾದರೂ ಮೊದಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ವೈದ್ಯರ ಎದುರೇ ಬಿಚ್ಚಲಿ. ತಟ್ಟನೆ ಬಿಟ್ಟರೆ ವಿಷ ಒಮ್ಮೆಲೇ ಮೈಗೇರಬಹುದು. ಹಾವು ಹುಡುಕುತ್ತ ಹೊತ್ತು ಕಳೆಯಬೇಡಿ. ಕಟ್ಟುಹಾವು ರಾತ್ರಿ ಮಲಗಿದಲ್ಲಿ ಕಡಿದರೆ ನೋವು, ಗುರುತು ಏನೂ ಇರದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ ಕಂಡರೆ ಗ್ಯಾಸು ಅಂದುಕೊಳ್ಳದೆ ಹೊರಡಿ. ಹಾವಿನ ವಿಷ ಇಳಿಸುವ ಮದ್ದು ಆಂಟಿವೆನಮ್ ಯಾವ ಆಸ್ಪತ್ರೆಯಲ್ಲಿದೆ ಅಂತ ಮಳೆಗಾಲಕ್ಕೆ ಮೊದಲೇ ವಿಚಾರಿಸಿಟ್ಟಿರಿ.

ಕಿಟ್ ದೊಡ್ಡದು ಬೇಡ: 10 ಸೆಂ.ಮೀ. ಬ್ಯಾಂಡೇಜು ಹತ್ತು, ತ್ರಿಕೋನ ಬಟ್ಟೆ ಆರು, ಗಾಯದ ಮೇಲಿಡುವ ತೆಳು ಬಟ್ಟೆ (ಗಾಜ್), ಗ್ಲೌಸು 20 ಜೊತೆ, ಕತ್ತರಿ, ಟಾರ್ಚು, ಓಆರ್‌ಎಸ್. ಪಂಚಾಯಿತಿ ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ, ರಾತ್ರಿ ಕೀಲಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ರಾತ್ರಿಯೂ ಬಾಗಿಲು ತಟ್ಟಬಹುದಾದ ಮನೆಯಲ್ಲಿಡಿ.

ಹೀಗೆ ಕಲಿತ ಕೈಚಳಕ ಮೂರರಿಂದ ಆರು ತಿಂಗಳಲ್ಲಿ ಮಾಸುತ್ತದೆ. ಅದಕ್ಕೇ ಮೊದಲ ತರಬೇತಿ ಯುಗಾದಿ ಹೊತ್ತಿಗೆ ಮುಗಿಸಿ, ಕಾರಹುಣ್ಣಿಮೆಗೆ ಮುಂಚೆ ಒಂದು ತಾಸು ಬೊಂಬೆ, ಹಗ್ಗ ಮತ್ತೆ ಎಲ್ಲರ ಕೈಗೆ ಕೊಡಿ.