ಟ್ರಾಟ್‌ನಿಂದ (ಕುಲುಕು ಓಟ) ಕ್ಯಾಂಟರ್‌ಗೆ (ಅದಕ್ಕಿಂತ ಜೋರಾದ, ನೆಗೆಯುವಂಥ ಓಟ) ಹೋಗುವಾಗ ಕುದುರೆ ಓಡಿಬಿಡುತ್ತದೆ. ಕ್ಲಾಸಿನಲ್ಲಿ ಬೇರೆ ಕುದುರೆ ಕೇಳಲಾ?

ಕೇಳಬೇಡಿ. ನಾನು ಕೇಳಿದ್ದೆ, ಎರಡು ಸಲ. ಮೂರನೆಯ ಕುದುರೆಯೂ ಹಾಗೇ ಓಡಿತು. ಮೂರರ ಬೆನ್ನ ಮೇಲೂ ಕೂತವನು ನಾನೊಬ್ಬನೇ ಅಲ್ವಾ, ಆ ಲೆಕ್ಕ ಹೊಳೆಯಲೇ ಇಲ್ಲ.

ಬೆಂಗಳೂರಿನ ಹೊರಗೆ ಒಂದು ರೈಡಿಂಗ್ ಸ್ಕೂಲು, ಭಾನುವಾರಕ್ಕೊಂದು ಕ್ಲಾಸು. ಆ ಮೂರನೆಯದು ರೇಸ್‌ನಿಂದ ರಿಟೈರ್ ಆಗಿ ಬಂದ ಕಂದು ಹೆಣ್ಣು ಕುದುರೆ. ಟ್ರಾಟ್ ಚೆನ್ನಾಗಿತ್ತು. ಕ್ಯಾಂಟರ್ ಕೇಳಿದರೆ ಸಾಕು, ಟ್ರಾಟೇ ಜೋರಾಗಿ, ಹೊಲಿಗೆ ಮಿಷನ್ನಿನ ಹಾಗೆ ಕುಲುಕಿಸಿ, ಮೂಲೆ ದಾಟಿದ ಮೇಲೆ ಹೇಗೋ ಕ್ಯಾಂಟರ್‌ಗೆ ಬೀಳುತ್ತಿದ್ದಳು. ಅರ್ಧ ಸಲ ತಪ್ಪು ಲೀಡ್, ಅಂದರೆ ತಿರುವಿನ ಒಳಗಿನ ಮುಂಗಾಲಿನ ಬದಲು ಹೊರಗಿನದು ಮುಂದೆ.

ನನ್ನ ತಪ್ಪು ಏನೆಂದರೆ, ಕಾಲು ಒತ್ತುವ ಗಳಿಗೆಯಲ್ಲಿ ಬಗ್ಗಿ ಅವಳ ಭುಜ ನೋಡುತ್ತಿದ್ದೆ. ಲೀಡ್ ಸರಿ ಬಂತಾ ಅಂತ. ಸಣ್ಣದು ಅನ್ನಿಸುತ್ತದೆ, ಅಲ್ಲವೇ ಅಲ್ಲ. ಟ್ರಾಟ್ ಅಂದರೆ ತಕ ತಕ, ಕ್ಯಾಂಟರ್ ಅಂದರೆ ತಕಿಟ ತಕಿಟ. ಆ ತಕಿಟ ಶುರುವಾಗುವುದು ಹೊರಗಿನ ಹಿಂಗಾಲಿನಿಂದ. ಬಲಕ್ಕೆ ತಿರುಗುತ್ತಿದ್ದರೆ ಮೊದಲು ಎಡ ಹಿಂಗಾಲು, ಆಮೇಲೆ ಬಲ ಹಿಂಗಾಲು ಎಡ ಮುಂಗಾಲು ಒಟ್ಟಿಗೆ, ಕೊನೆಗೆ ಬಲ ಮುಂಗಾಲು. ಅಂದರೆ ಹಿಂಗಾಲು ಹೊಟ್ಟೆಯಡಿಗೆ ಬಂದು ಮೈಯನ್ನು ಎತ್ತಬೇಕು. ಅದೇ ಹೊತ್ತಿಗೆ ನಾನು ನನ್ನ 78 ಕೆಜಿಯನ್ನು ಅವಳ ಮುಂಭುಜದ ಮೇಲೆ ಹೇರುತ್ತಿದ್ದೆ. ಎಡವಿದವನು ನಾಲ್ಕು ಹೆಜ್ಜೆ ಓಡಿ ಸಾವರಿಸಿಕೊಳ್ಳುತ್ತಾನಲ್ಲ, ಅವಳೂ ಅದನ್ನೇ ಮಾಡುತ್ತಿದ್ದಳು. ಅದರ ಮೇಲೆ ರೇಸ್ ಕುದುರೆ! ಬೆನ್ನ ಮೇಲಿನವನು ಮುಂದಕ್ಕೆ ಬಗ್ಗಿದರೆ ಏನರ್ಥ ಅಂತ ಕಲಿತೇ ಬಂದವಳು. ನನ್ನ ಕೈ ಲಗಾಮು ಎಳೆಯುತ್ತಿತ್ತು, ಮೈ ಓಡು ಅನ್ನುತ್ತಿತ್ತು.

ಒಂದು ಭಾನುವಾರ ಮೂಲೆಯಲ್ಲಿ ಅವಳು ಒಳಗೆ ವಾಲಿದಳು. ನಾನು ಅವಳ ಭುಜ ನೋಡುತ್ತಲೇ ಅದರ ಮೇಲಿಂದ ಜಾರಿ ಮರಳಿಗೆ ಬಿದ್ದೆ. ಕಾಲರ್‌ಬೋನ್ ಮುರಿಯಿತು, ಆರು ವಾರ ಕೈ ಜೋಲಿಯಲ್ಲಿ. ಬಾಯಿಂದ ಮರಳು ಉಗಿಯುತ್ತಿದ್ದಾಗ ಕುದುರೆ ನೋಡಿಕೊಳ್ಳುವ ಸೈಸ್ ಬಂದು ಕೇಳಿದ, "ಸಾರ್, ದಿನಾ ಕೆಳಗೆ ಏನ್ ಹುಡುಕ್ತೀರಾ?"

ವಾಪಸ್ ಹೋದ ಮೇಲೆ ನಾಲ್ಕು ಕ್ಲಾಸು ಬರೀ ಲಂಜ್ ಹಗ್ಗದ ಮೇಲೆ (ಕಲಿಸುವವರು ನಡುವೆ ನಿಂತು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸುವುದು), ಲಗಾಮಿಲ್ಲದೆ. ನೀವು ಕೇಳಬೇಕಾದ್ದು ಇದನ್ನು. ಆಮೇಲೆ 20 ಮೀಟರ್ ಸುತ್ತು. ಕೂತು ಟ್ರಾಟ್, ಹಾಫ್ ಹಾಲ್ಟ್ (ನಿಲ್ಲಿಸದೆ ಒಂದು ಗಳಿಗೆ ಹಿಡಿದು ಕುದುರೆಯನ್ನು ಎಚ್ಚರಿಸುವುದು), ಒಳಗಾಲು ಜೀನಿನ ಪಟ್ಟಿಯ ಹತ್ತಿರ, ಹೊರಗಾಲು ಸ್ವಲ್ಪ ಹಿಂದೆ, ಕಣ್ಣು ಸುತ್ತಿನ ಆಚೆ ಬದಿಗೆ. ಟ್ರಾಟ್ ಜೋರಾಯಿತಾ? ಕ್ಯಾಂಟರ್ ಆಸೆ ಬಿಟ್ಟು ನಡಿಗೆಗೆ ತಂದು ಮತ್ತೆ ಶುರು ಮಾಡಿ. ಓಡಿಸಿ ಓಡಿಸಿ ತಳ್ಳಿದರೆ ಕುದುರೆ ಓಡುವುದನ್ನೇ ಕಲಿಯುತ್ತದೆ. ಸರಿಯಾಗಿ ಬಂದರೆ ಐದಾರು ಹೆಜ್ಜೆ ಸಾಕು, ಮತ್ತೆ ಟ್ರಾಟ್. ಸುಮ್ನೆ ಹತ್ತು ಸುತ್ತು ಹೊಡೆದರೆ ಟ್ರಾನ್ಸಿಷನ್ (ಒಂದು ಓಟದಿಂದ ಇನ್ನೊಂದಕ್ಕೆ ಹೋಗುವುದು) ಸುಧಾರಿಸುವುದಿಲ್ಲ, ನಿಮಗೆ ಸುಸ್ತಾಗುತ್ತದೆ ಅಷ್ಟೇ. ಲೀಡ್ ನಿಮ್ಮ ಸೊಂಟಕ್ಕೇ ಗೊತ್ತಾಗುತ್ತದೆ, ಬಲ ಲೀಡ್ ಬಂದರೆ ಬಲಗಡೆ ತಾನಾಗಿ ಮುಂದೆ ಹೋಗುತ್ತದೆ. ಮತ್ತೆ, ವಾರಕ್ಕೆ ಒಂದು ಗಂಟೆಗಿಂತ ಅರ್ಧರ್ಧ ಗಂಟೆ ಎರಡು ದಿನ ಮೇಲು.

ಇದುವರೆಗೆ ಸರಿಯಿದ್ದ ಕುದುರೆ ಇದ್ದಕ್ಕಿದ್ದಂತೆ ಕಿವಿ ಹಿಂದಕ್ಕೆ ಮಡಚಿದರೆ ಮಾತ್ರ ಬೇರೆ ವಿಷಯ. ಜೀನು, ಬೆನ್ನು ಪರೀಕ್ಷೆ ಮಾಡಿಸಲು ಹೇಳಿ.

ಅವಳು ಸರಿಯಾಗಿ ಎದ್ದ ದಿನ ನನಗೆ ಸದ್ದಿನಿಂದಲೇ ಗೊತ್ತಾಯಿತು. ತಕ ತಕ ತಕ, ಗಡಿಬಿಡಿಯೇ ಇಲ್ಲದೆ ತಕಿಟ. ಒಂದು ಸುತ್ತು ಹೇಗೋ ತಡೆದುಕೊಂಡೆ. ಎರಡನೆಯದರಲ್ಲಿ ಕೆಳಗೆ ನೋಡಿಬಿಟ್ಟೆ, ಟ್ರಾಟ್‌ಗೆ ಬಿದ್ದಳು.