ಜ್ಯೂಯಿಶ್ ಫ್ಯಾಮಿಲಿ ಸರ್ವಿಸ್‌ನಲ್ಲಿ ಸ್ವಯಂಸೇವೆ ಮಾಡಲು ಯಹೂದಿಯೇ ಆಗಿರಬೇಕೆ?

ಬೇಕಿಲ್ಲ. ನೆರವು ಪಡೆಯುವುದಕ್ಕೂ ಸಾಮಾನ್ಯವಾಗಿ ಆ ಷರತ್ತಿಲ್ಲ. ಅಮೆರಿಕದ ಹಲವು ನಗರಗಳಲ್ಲಿ ಈ ಹೆಸರಿನ, ಕಷ್ಟದಲ್ಲಿರುವವರಿಗೆ ನೆರವಾಗುವ ಸೇವಾ ಸಂಸ್ಥೆಗಳಿವೆ. ಇವು ಒಂದೇ ಸಂಸ್ಥೆಯ ಶಾಖೆಗಳಲ್ಲ, ಆಯಾ ಊರಿನವರೇ ಕಟ್ಟಿಕೊಂಡವು. ಲಾಸ್ ಏಂಜಲೀಸ್‌ನದು ಶುರುವಾದದ್ದು 1854ರಲ್ಲಿ. ಸಿಯಾಟಲ್‌ನದನ್ನು 1892ರಲ್ಲಿ ಕಟ್ಟಿದವರು ಹೆಂಗಸರು.

ಕೆಲಸಗಳು ಸರಳ. ದಿನಸಿ ವಿಂಗಡಿಸಿ ಚೀಲ ತುಂಬುವುದು, ಕೋಷರ್ ಊಟ (ಯಹೂದಿ ಆಹಾರ ನಿಯಮದಂತೆ ಮಾಡಿದ್ದು) ಮನೆಗೆ ತಲುಪಿಸುವುದು, ವಯಸ್ಸಾದವರನ್ನು ಡಾಕ್ಟರ ಬಳಿಗೆ ಕರೆದೊಯ್ಯುವುದು, ನಿರಾಶ್ರಿತರಿಗೆ ಇಂಗ್ಲಿಷ್ ಕಲಿಸುವುದು.

ನನ್ನ ಮನಸ್ಸಿಗೆ ಹತ್ತಿರವಾದದ್ದು ಒಂಟಿ ವೃದ್ಧರ ಮನೆಗೆ ವಾರಕ್ಕೊಮ್ಮೆ ಹೋಗಿ ಕೂತು ಮಾತಾಡುವ ಕೆಲಸ. ಅವರಲ್ಲಿ ನಾಜಿಗಳ ನರಮೇಧದಿಂದ ಬದುಕುಳಿದವರೂ ಇರುತ್ತಾರೆ. ಊಟಕ್ಕೆ ಸರದಿಯಲ್ಲಿ ನಿಲ್ಲಿಸಿದರೆ, ಸಮವಸ್ತ್ರದವರು ಎದುರಾದರೆ, ಸ್ನಾನದ ಶವರ್ ಕಂಡರೂ ಹಳೆಯ ಭಯ ಮರುಕಳಿಸಬಹುದು. ಅದಕ್ಕಾಗಿಯೇ ಇಂಥವರ ಆರೈಕೆಗೆ ಹೋಗುವವರಿಗೆ ತರಬೇತಿ ಕೊಡುತ್ತಾರೆ. ನೀವಾಗಿ ಏನನ್ನೂ ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿ, ಹೇಳದಿದ್ದರೆ ಚಹಾ ಕುಡಿದು ಮೊಮ್ಮಕ್ಕಳ ಸುದ್ದಿ ಮಾತಾಡಿ ಬನ್ನಿ.

ಈ ಸೇವೆಯ ಹಿಂದಿರುವ ಹೀಬ್ರೂ ಪದ ‘ಸೆದಾಕಾ’. ದಾನ ಎಂದು ಅನುವಾದಿಸುತ್ತಾರಾದರೂ ಅದರ ಮೂಲದಲ್ಲಿರುವುದು ನ್ಯಾಯ, ಅಂದರೆ ಕೊಡುವುದು ಕರ್ತವ್ಯ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಇದರಲ್ಲಿ ಎಂಟು ಮೆಟ್ಟಿಲು ಗುರುತಿಸಿ, ಬಡವನಿಗೆ ಸಾಲವನ್ನೋ ಕೆಲಸವನ್ನೋ ಕೊಟ್ಟು ಅವನ ಕಾಲ ಮೇಲೆ ಅವನೇ ನಿಲ್ಲುವಂತೆ ಮಾಡುವುದನ್ನು ಎಲ್ಲಕ್ಕಿಂತ ಮೇಲಿಟ್ಟ. ಇಂಥ ಹಲವು ಸಂಸ್ಥೆಗಳಲ್ಲಿ ಉದ್ಯೋಗ ಹುಡುಕಲು ನೆರವಾಗುವ ವಿಭಾಗವೂ ಇದೆ.

ಸೇರಲು ನಿಮ್ಮ ಊರಿನ ಸಂಸ್ಥೆಗೇ ಅರ್ಜಿ ಹಾಕಿ. ವೃದ್ಧರ ಭೇಟಿಯಂಥ ಕೆಲಸಕ್ಕೆ ಹಿನ್ನೆಲೆ ಪರಿಶೀಲನೆ ಇರುತ್ತದೆ, ಕೆಲವು ತಿಂಗಳಾದರೂ ಬಿಡದೆ ಬರುವಿರಾ ಎಂದೂ ಕೇಳುತ್ತಾರೆ.